ಇನ್ನೊಬ್ಬ ಡೋಬರೈನರ್

ಹತ್ತನೆಯ ತರಗತಿಯ ವಿಜ್ಞಾನ ಓದಿದವರಿಗೆಲ್ಲ ಡೋಬರೈನರ್ ಎಂಬ ಹೆಸರು ಪರಿಚಿತ. ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂ ಎಂದು ಧಾತುಗಳನ್ನು ಮೂರು ಮೂರಾಗಿ ಜೋಡಿಸಿ, ನಡುವಿನ ಧಾತುವಿನ ಪರಮಾಣು ತೂಕ ಅತ್ತಿತ್ತಲಿನ ಎರಡರ ಸರಾಸರಿಗೆ ಹತ್ತಿರ ಬರುತ್ತದೆ ಎಂದು ತೋರಿಸಿದ ಜರ್ಮನ್ ರಸಾಯನಶಾಸ್ತ್ರಜ್ಞ ಆತ. ಡೋಬರೈನರನ ತ್ರಿವಳಿಗಳ ಪ್ರಶ್ನೆಗೆ ನಮ್ಮ ಶಾಲೆಯ ಎಷ್ಟು ತಂಡಗಳು ಉತ್ತರ ಬರೆದು ಹೋಗಿವೆಯೋ ಲೆಕ್ಕವಿಲ್ಲ. ಈ ಲೇಖನ ಅದೇ ಹೆಸರಿನ ಇನ್ನೊಬ್ಬರದು. ಯೊಹಾನಾ ಡೋಬರೈನರ್ ಎಂಬ ಹೆಣ್ಣುಮಗಳು. ಪಠ್ಯಪುಸ್ತಕದಲ್ಲಿ ಇವರ ಹೆಸರನ್ನು ನಾನು ಕಂಡಿಲ್ಲ. ಆದರೆ ನಮ್ಮ ರೈತ ಸಂಪರ್ಕ ಕೇಂದ್ರದಲ್ಲಿ ಜೋಳ, ಮೆಕ್ಕೆಜೋಳದ ಬೀಜಕ್ಕೆ ಹಚ್ಚಲು ಕೊಡುವ 'ಅಜೋಸ್ಪಿರಿಲಂ' ಪೊಟ್ಟಣವನ್ನು ಈ ಊರಿನ ಅನೇಕರು ಕೈಯಲ್ಲಿ ಹಿಡಿದಿದ್ದಾರೆ. ಆ ಪೊಟ್ಟಣದ ಮೇಲಿನ ಹೆಸರು ಜಗತ್ತಿಗೆ ಗೊತ್ತಾದದ್ದು ಮುಖ್ಯವಾಗಿ ಇವರ ಕೆಲಸದಿಂದ. ಅದಕ್ಕಿಂತ ಮೊದಲು ಇವರು ಸೋಯಾಬೀನಿನ ವಿಷಯದಲ್ಲಿ ಹಿಡಿದ ಒಂದು ಹಟ ಇಡೀ ದೇಶವೊಂದರ ಗೊಬ್ಬರದ ಲೆಕ್ಕವನ್ನೇ ಬದಲಿಸಿತು.

ಮೊದಲು ಹಿನ್ನೆಲೆಯನ್ನಿಷ್ಟು ಹೇಳಬೇಕು. ಮುಂಗಾರಿಯಲ್ಲಿ ಹೆಸರು ಬೆಳೆದು ತೆಗೆದ ಹೊಲದಲ್ಲಿ ಹಿಂಗಾರಿ ಜೋಳ ಚೆನ್ನಾಗಿ ಬರುತ್ತದೆ ಎಂಬುದು ನಮ್ಮ ಎರೆಭೂಮಿಯ ಹಿರಿಯರಿಗೆ ಯಾರೂ ಹೇಳಿಕೊಡದೆ ಗೊತ್ತಿದ್ದ ಮಾತು. ಏಕೆ ಬರುತ್ತದೆ ಎಂಬುದಕ್ಕೆ ವಿಜ್ಞಾನಿಗಳ ಬಳಿ ಬಹಳ ಕಾಲ ಉತ್ತರವಿರಲಿಲ್ಲ. ಫ್ರಾನ್ಸಿನ ಬುಸಾಂಗೋ 1830ರ ದಶಕದಲ್ಲಿ ತೂಕ ಹಾಕಿ ನೋಡಿ, ದ್ವಿದಳ ಬೆಳೆಗಳಿಗೆ ಎಲ್ಲಿಂದಲೋ ಹೆಚ್ಚಿನ ಸಾರಜನಕ ಸಿಗುತ್ತಿದೆ ಎಂದರು. ಇಂಗ್ಲೆಂಡಿನ ರೋಥಾಮ್‌ಸ್ಟೆಡ್‌ನಲ್ಲಿ 1857-58ರಲ್ಲಿ ಇನ್ನೂ ಬಿಗಿಯಾದ ಪ್ರಯೋಗ ನಡೆಯಿತು. ಮಣ್ಣನ್ನು ಕೆಂಪಗೆ ಸುಟ್ಟು ಶುದ್ಧಮಾಡಿ, ಗಾಜಿನ ಗುಮ್ಮಟದೊಳಗೆ ಗಿಡ ಬೆಳೆಸಿ, ಗಾಳಿಯ ಸಾರಜನಕವನ್ನು ಗಿಡ ಹೀರುವುದೇ ಇಲ್ಲ ಎಂದು ತೀರ್ಮಾನಿಸಿದರು. ಪ್ರಯೋಗದಲ್ಲಿ ಕೊರತೆಯೇನೂ ಇರಲಿಲ್ಲ, ಕೊರತೆಯಿಲ್ಲದ್ದೇ ತೊಡಕಾಯಿತು. ಮಣ್ಣು ಸುಟ್ಟಾಗ ಕೆಲಸ ಮಾಡಬೇಕಿದ್ದ ಜೀವಿಗಳೂ ಸುಟ್ಟುಹೋಗಿದ್ದವು.

ಜರ್ಮನಿಯ ಹೆಲ್ರೀಗೆಲ್ ಎಂಬುವರು ಬರೀ ಮರಳಿನಲ್ಲಿ ಬಟಾಣಿ ಮತ್ತು ಓಟ್ಸ್ ಬೆಳೆಸಿ ಈ ಗಂಟು ಬಿಡಿಸಿದರು. ಮರಳಿಗೆ ಹೊಲದ ಮಣ್ಣು ಕದಡಿದ ನೀರನ್ನು ಸ್ವಲ್ಪ ಹಾಕಿದರೆ ಬಟಾಣಿ ಸೊಂಪಾಗಿ ಬೆಳೆಯುತ್ತದೆ, ಅದೇ ನೀರನ್ನು ಕುದಿಸಿ ಹಾಕಿದರೆ ಸೊರಗುತ್ತದೆ. ಓಟ್ಸಿಗೆ ಎರಡೂ ಒಂದೇ. ಅಂದರೆ ಬಟಾಣಿಯ ಬೇರಿನ ಗಂಟುಗಳಲ್ಲಿ ಮಣ್ಣಿನಿಂದ ಬಂದ ಯಾವುದೋ ಜೀವಿ ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತಿದೆ. 1886ರಲ್ಲಿ ಬರ್ಲಿನ್ನಿನಲ್ಲಿ ಅವರು ಇದನ್ನು ಸಾರಿದರು. ಎರಡು ವರ್ಷದ ನಂತರ ಹಾಲೆಂಡಿನ ಬೈಯರಿಂಕ್ ಆ ಬ್ಯಾಕ್ಟೀರಿಯಾವನ್ನು ಗಂಟಿನಿಂದ ಬೇರ್ಪಡಿಸಿ ಬೆಳೆಸಿ ತೋರಿಸಿದರು. ನಾವು ರೈಜೋಬಿಯಂ ಎನ್ನುವುದು ಅದನ್ನೇ.

ಗಾಳಿಯಲ್ಲಿ ಶೇಕಡ 78 ಭಾಗ ಸಾರಜನಕವೇ ಇದೆ. ಆದರೆ ಅದರ ಎರಡು ಪರಮಾಣುಗಳು ಮೂರು ಬಂಧಗಳಿಂದ ಒಂದನ್ನೊಂದು ಅಪ್ಪಿಕೊಂಡಿರುವುದರಿಂದ ಗಿಡಕ್ಕೆ ಅದು ಕೈಗೆಟುಕದ ಗಂಟು. ಯೂರಿಯಾ ಕಾರ್ಖಾನೆಯಲ್ಲಿ ಇದನ್ನು ಬಿಡಿಸಿ ಅಮೋನಿಯಾ ಮಾಡಲು 400ರಿಂದ 500 ಡಿಗ್ರಿ ಶಾಖ ಬೇಕು, ವಾತಾವರಣದ ನೂರಾರು ಪಟ್ಟು ಒತ್ತಡ ಬೇಕು. ಹೆಸರಿನ ಗಿಡದ ಬೇರಿನಲ್ಲಿ ಬ್ಯಾಕ್ಟೀರಿಯಾ ಇದೇ ಕೆಲಸವನ್ನು ಹೊಲದ ಸಾಮಾನ್ಯ ಬಿಸಿಯಲ್ಲಿ ಮಾಡುತ್ತದೆ. ಪುಕ್ಕಟೆಯಾಗಿ ಅಲ್ಲ, ಗಿಡ ತನ್ನ ಎಲೆಯಲ್ಲಿ ತಯಾರಿಸಿದ ಸಕ್ಕರೆಯನ್ನು ಕೂಲಿಯಾಗಿ ಕೊಡಬೇಕು. ಈ ಕೆಲಸ ಮಾಡುವ ಕಿಣ್ವಕ್ಕೆ ಆಮ್ಲಜನಕ ತಗುಲಿದರೆ ಅದು ಹಾಳಾಗುತ್ತದೆ. ಆದರೆ ಬ್ಯಾಕ್ಟೀರಿಯಾಕ್ಕೆ ಉಸಿರಾಡಲು ಆಮ್ಲಜನಕ ಬೇಕು. ಹಾಗಾಗಿ ಗಂಟಿನೊಳಗೆ ನಮ್ಮ ರಕ್ತದ ಹಿಮೋಗ್ಲೋಬಿನ್ನಿನಂಥದೇ ಒಂದು ವಸ್ತು ಆಮ್ಲಜನಕವನ್ನು ಹಿಡಿದಿಟ್ಟು ಹನಿ ಹನಿಯಾಗಿ ಕೊಡುತ್ತದೆ. ಗಂಟನ್ನು ಉಗುರಿನಿಂದ ಸೀಳಿದರೆ ಒಳಗೆ ಗುಲಾಬಿ ಬಣ್ಣ ಕಾಣುವುದು ಅದಕ್ಕೇ. ಬಿಳಿಯೋ ಹಸಿರೋ ಇದ್ದರೆ ಆ ಗಂಟು ಕೆಲಸ ಮಾಡುತ್ತಿಲ್ಲ ಎಂದು ತಿಳಿಯಬೇಕು. ಆಮ್ಲಜನಕದ ಈ ಇಕ್ಕಟ್ಟನ್ನು ಓದುಗರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಯೊಹಾನಾ ಹುಟ್ಟಿದ್ದು 1924ರ ನವೆಂಬರ್ 28ರಂದು, ಆಗಿನ ಚೆಕೊಸ್ಲೊವಾಕಿಯಾದ ಆಸಿಗ್ ಎಂಬ ಊರಿನಲ್ಲಿ. ಮನೆಮಾತು ಜರ್ಮನ್. ತಂದೆ ಪೌಲ್ ಕುಬೆಲ್ಕಾ ರಸಾಯನಶಾಸ್ತ್ರಜ್ಞರು, ಪ್ರಾಗ್ ನಗರದಲ್ಲಿ ಅಧ್ಯಾಪಕರು. ಎರಡನೆಯ ಮಹಾಯುದ್ಧ 1945ರಲ್ಲಿ ಮುಗಿದಾಗ ಆ ದೇಶದಲ್ಲಿದ್ದ ಜರ್ಮನ್ ಮಾತಿನ ಲಕ್ಷಾಂತರ ಜನರನ್ನು ಹೊರದಬ್ಬಲಾಯಿತು. ಹಿಟ್ಲರ್ ಮಾಡಿದ್ದಕ್ಕೆ ದಂಡ ತೆತ್ತವರಲ್ಲಿ ಇಂಥ ಕುಟುಂಬಗಳೂ ಇದ್ದವು. ಯೊಹಾನಾರ ತಾಯಿ ಬಂಧನ ಶಿಬಿರದಲ್ಲಿ ತೀರಿಕೊಂಡರು. ಇಪ್ಪತ್ತರ ಹರೆಯದ ಹುಡುಗಿ ಅಜ್ಜ ಅಜ್ಜಿಯೊಡನೆ ಜರ್ಮನಿ ಸೇರಿ ರೈತರ ಮನೆಗಳಲ್ಲಿ ಕೂಲಿಗೆ ನಿಂತರು. ಹಾಲು ಕರೆದರು, ಹೊಲಕ್ಕೆ ತಿಪ್ಪೆಗೊಬ್ಬರ ಹರಡಿದರು. ಕೃಷಿ ವಿಜ್ಞಾನಿಗಳಲ್ಲಿ ಹೊಟ್ಟೆಪಾಡಿಗಾಗಿ ಗೊಬ್ಬರ ಹೊತ್ತವರು ಹೆಚ್ಚಿಲ್ಲ. ಇವರು ಹೊತ್ತು, ಆಮೇಲೆ ಮ್ಯೂನಿಕ್ಕಿನಲ್ಲಿ ಕೃಷಿ ಪದವಿಗೆ ಸೇರಿದರು. ಅಲ್ಲಿ ಪಶುವೈದ್ಯಕೀಯ ಓದುತ್ತಿದ್ದ ಯುರ್ಗೆನ್ ಡೋಬರೈನರರ ಪರಿಚಯವಾಗಿ 1950ರಲ್ಲಿ ಮದುವೆಯಾಯಿತು. ತಂದೆ ಅಷ್ಟರಲ್ಲಿ ಬ್ರೆಜಿಲ್ ಸೇರಿದ್ದರು. ದಂಪತಿಗಳೂ ಅಲ್ಲಿಗೇ ಹೊರಟರು.

ರಿಯೊ ಡಿ ಜನೈರೊ ನಗರದಿಂದ ಸಾವೊ ಪೌಲೊಗೆ ಹೋಗುವ ಹಳೆಯ ರಸ್ತೆಯ 47ನೇ ಕಿಲೋಮೀಟರಿನಲ್ಲಿ ಸೆರೊಪೆಡಿಕಾ ಎಂಬ ಊರಿದೆ. ಅಲ್ಲಿ ಕೃಷಿ ಇಲಾಖೆಯ ಸಂಶೋಧನಾ ಕೇಂದ್ರ. ಮುಖ್ಯಸ್ಥರಾಗಿದ್ದ ಆಲ್ವಾರೊ ಬಾರ್ಸೆಲೋಸ್ ಫಗುಂದೆಸ್ ಅವರು 1951ರಲ್ಲಿ ಯೊಹಾನಾರನ್ನು ಮಣ್ಣಿನ ಸೂಕ್ಷ್ಮಜೀವಿಗಳ ಕೆಲಸಕ್ಕೆ ಸೇರಿಸಿಕೊಂಡರು. ಆ ವಿಷಯದಲ್ಲಿ ಅವರಿಗೆ ವಿಶೇಷ ತರಬೇತಿ ಇರಲಿಲ್ಲ, ಮಾಡುತ್ತ ಕಲಿತರು. 1956ರಲ್ಲಿ ಬ್ರೆಜಿಲಿನ ಪೌರತ್ವ ಪಡೆದರು. ಬದುಕಿನ ಮುಂದಿನ ಐವತ್ತು ವರ್ಷ ಕಳೆದದ್ದು ಆ ರಸ್ತೆಬದಿಯ ಊರಿನಲ್ಲಿಯೇ. ಅಂದರೆ ಈ ಶಾಲೆಯ ಈವರೆಗಿನ ಆಯುಷ್ಯದಷ್ಟು ಕಾಲ ಒಂದೇ ಕಡೆ ನಿಂತು ಒಂದೇ ಪ್ರಶ್ನೆಯ ಬೆನ್ನು ಹತ್ತಿದವರು.

ಆ ಪ್ರಶ್ನೆ ಇಷ್ಟೇ: ಬಿಸಿಲು ನಾಡಿನ ಮಣ್ಣಿನಲ್ಲಿ ಸಾರಜನಕ ಕಟ್ಟುವ ಜೀವಿಗಳು ಯಾವುವು, ಅವನ್ನು ಬೆಳೆಯ ಜೊತೆ ಹೇಗೆ ಕೂಡಿಸಬೇಕು? ಅಂದಿನ ಪುಸ್ತಕಗಳೆಲ್ಲ ಯುರೋಪು, ಅಮೆರಿಕದ ತಂಪು ಹೊಲಗಳಿಂದ ಬಂದವು. ಅವರು ಕಬ್ಬಿನ ಗದ್ದೆಗಳ ಬೇರಿನ ಸುತ್ತಲಿನ ಮಣ್ಣಿನಲ್ಲಿ ಹುಡುಕಿ, 1958ರಲ್ಲಿ ಸಹೋದ್ಯೋಗಿಯೊಬ್ಬರ ಜೊತೆ ಸಾರಜನಕ ಕಟ್ಟುವ ಹೊಸ ಬ್ಯಾಕ್ಟೀರಿಯಾ ಪ್ರಭೇದವೊಂದನ್ನು ವರ್ಣಿಸಿದರು. ಅದೇ ಕಾಲಕ್ಕೆ ದ್ವಿದಳ ಬೆಳೆಗಳ ಕೆಲಸವೂ ನಡೆಯಿತು. 1963ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಿಂದ ಸ್ನಾತಕೋತ್ತರ ಪದವಿ ಪಡೆದು ಮರಳಿದರು. ಬ್ರೆಜಿಲಿನವರು ನಿತ್ಯ ಉಣ್ಣುವ, ನಮ್ಮ ರಾಜ್ಮಾ ಜಾತಿಯ ಕಾಳು ಹುಳಿ ಮಣ್ಣಿನಲ್ಲಿ ಸರಿಯಾಗಿ ಗಂಟು ಕಟ್ಟುತ್ತಿರಲಿಲ್ಲ. ಅಂಥ ಮಣ್ಣಿನಲ್ಲಿ ಕರಗಿ ಹೆಚ್ಚಾಗುವ ಮ್ಯಾಂಗನೀಸ್ ಗಂಟುಗಳಿಗೆ ಮಾಡುವ ಹಾನಿಯನ್ನು ಅವರು ಅಧ್ಯಯನ ಮಾಡಿ 1966ರಲ್ಲಿ ಪ್ರಕಟಿಸಿದರು. ಬರೀ ಬ್ಯಾಕ್ಟೀರಿಯಾ ಕೊಟ್ಟರೆ ಸಾಲದು, ಅದು ಬದುಕುವಂತೆ ಮಣ್ಣಿಗೆ ಸುಣ್ಣ, ರಂಜಕ, ಚಿಟಿಕೆಯಷ್ಟು ಮಾಲಿಬ್ಡಿನಂ ಸಿಗಬೇಕು. ಈಗ ಇದು ಎಲ್ಲ ಕೃಷಿ ಕೈಪಿಡಿಗಳಲ್ಲಿ ಇರುವ ಮಾತು.

ಇನ್ನು ಸೋಯಾಬೀನಿನ ಸಂಗತಿ. ಬೀದರ, ಬೆಳಗಾವಿ, ಧಾರವಾಡದ ಕಡೆಯವರಿಗೆ ಈ ಬೆಳೆಯ ಪರಿಚಯ ಹೇಳಬೇಕಾಗಿಲ್ಲ. ಇದರ ಮೂಲ ಚೀನಾ. 1960ರ ದಶಕದಲ್ಲಿ ಬ್ರೆಜಿಲ್ ಇದನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಯಲು ಹೊರಟು ತಳಿ ಸುಧಾರಣೆಯ ರಾಷ್ಟ್ರೀಯ ಕಾರ್ಯಕ್ರಮ ರೂಪಿಸಿತು. ಅದು ಜಗತ್ತಿನಲ್ಲೆಲ್ಲ ಹಸಿರು ಕ್ರಾಂತಿಯ ಗಾಳಿ ಬೀಸುತ್ತಿದ್ದ ಕಾಲ. ಹೊಸ ತಳಿ ಎಂದರೆ ಮೂಟೆಗಟ್ಟಲೆ ಗೊಬ್ಬರ ಉಂಡು ಮೂಟೆಗಟ್ಟಲೆ ಇಳುವರಿ ಕೊಡುವ ತಳಿ ಎಂಬುದು ಸರ್ವಮಾನ್ಯ ನಂಬಿಕೆ. ಗೋಧಿ, ಭತ್ತಕ್ಕೆ ಸರಿಹೋದ ಆ ಲೆಕ್ಕವನ್ನು ಸೋಯಾಕ್ಕೂ ಹಚ್ಚುವುದು ಸಹಜವಾಗಿತ್ತು.

ಡೋಬರೈನರ್ ಇದಕ್ಕೆ ಅಡ್ಡ ನಿಂತರು. ಸೋಯಾಕ್ಕೆ ಸಾರಜನಕ ಗೊಬ್ಬರ ಬೇಡ, ಬ್ಯಾಕ್ಟೀರಿಯಾ ಸಾಕು ಎಂಬುದು ಅವರ ವಾದ. ಬ್ರೆಜಿಲಿನ ಮಣ್ಣಿಗೆ ಸೋಯಾ ಪರದೇಶಿ ಬೆಳೆ. ಅದಕ್ಕೆ ಒಗ್ಗುವ ಬ್ಯಾಕ್ಟೀರಿಯಾ ಆ ನೆಲದಲ್ಲಿ ಇರಲಿಲ್ಲ, ಬೀಜದ ಜೊತೆ ತಂದು ಕೂಡಿಸಬೇಕಿತ್ತು. ಆದರೆ ವಾದದ ತಿರುಳಿರುವುದು ಇನ್ನೊಂದು ಕಡೆ. ಹೊಲಕ್ಕೆ ಯೂರಿಯಾ ಹಾಕಿದರೆ ದ್ವಿದಳ ಗಿಡ ಗಂಟು ಕಟ್ಟುವುದನ್ನು ಕಡಿಮೆ ಮಾಡುತ್ತದೆ. ಸಕ್ಕರೆ ಕೊಟ್ಟು ಬ್ಯಾಕ್ಟೀರಿಯಾವನ್ನು ಸಾಕುವ ಬದಲು ಬೇರಿನ ಬುಡದಲ್ಲಿ ಸಿಕ್ಕಿದ್ದನ್ನು ಹೀರಿಕೊಳ್ಳುತ್ತದೆ. ಹೀಗಿರುವಾಗ ಹತ್ತು ತಳಿಗಳನ್ನು ಗೊಬ್ಬರ ಹಾಕಿದ ತಾಕುಗಳಲ್ಲಿ ಬೆಳೆದು ಅತ್ತ್ಯುತ್ತಮವಾದದ್ದನ್ನು ಆರಿಸಿದರೆ ಏನಾಗುತ್ತದೆ? ಯಾವ ತಳಿ ಬ್ಯಾಕ್ಟೀರಿಯಾದೊಡನೆ ಚೆನ್ನಾಗಿ ಸಂಸಾರ ಮಾಡುತ್ತದೆ ಎಂಬುದು ಕಾಣುವುದೇ ಇಲ್ಲ. ಗೊಬ್ಬರವಿಲ್ಲದೆ ಬಾಳಲಾರದ ತಳಿಯನ್ನೇ ನಾವು ಆರಿಸಿ, ಅದನ್ನೇ ರೈತನಿಗೆ ಕೊಟ್ಟು, ಆಮೇಲೆ 'ನೋಡಿ, ಗೊಬ್ಬರವಿಲ್ಲದೆ ಬರುವುದಿಲ್ಲ' ಎನ್ನುತ್ತೇವೆ. ಆದ್ದರಿಂದ ತಳಿ ಆಯ್ಕೆಯ ತಾಕಿನಲ್ಲೇ ಸಾರಜನಕ ಹಾಕಕೂಡದು, ಬ್ಯಾಕ್ಟೀರಿಯಾ ಲೇಪಿಸಿದ ಬೀಜವನ್ನೇ ಬಿತ್ತಬೇಕು.

ಬ್ರೆಜಿಲಿನ ಸೋಯಾ ಕಾರ್ಯಕ್ರಮ ಹಿಡಿದದ್ದು ಈ ದಾರಿಯನ್ನೇ. ಇದು ಅವರೊಬ್ಬರ ಸಾಧನೆಯಲ್ಲ. ದೇಶದ ದಕ್ಷಿಣದ ರಿಯೊ ಗ್ರಾಂಡೆ ದೊ ಸುಲ್ ಪ್ರಾಂತದಲ್ಲಿ ಜಾರ್ದಿಂ ಫ್ರೇರೆ ಎಂಬ ವಿಜ್ಞಾನಿ ಬ್ಯಾಕ್ಟೀರಿಯಾ ತಳಿಗಳನ್ನು ಸಂಗ್ರಹಿಸಿ ಪರೀಕ್ಷಿಸಿ ಹಂಚುವ ವ್ಯವಸ್ಥೆ ಕಟ್ಟಿದರು. ಸಸ್ಯ ತಳಿಗಾರರೂ ಜೊತೆಗೂಡಿದರು. ಆದರೂ ಗೊಬ್ಬರದ ಮೂಟೆಗೆ ಬೇಡ ಎಂದು ಮೊದಲಿಗೇ ಗಟ್ಟಿಯಾಗಿ ಹೇಳಿದ ದನಿ ಅವರದೆಂದು ಬ್ರೆಜಿಲಿನವರು ನೆನೆಯುತ್ತಾರೆ. 1973ರಲ್ಲಿ ತೈಲದ ಬೆಲೆ ಏರಿ ಅದರ ಬೆನ್ನಿಗೆ ರಾಸಾಯನಿಕ ಗೊಬ್ಬರದ ಬೆಲೆಯೂ ಏರಿದಾಗ, ಆ ಬೇಡ ಎಂಬ ಮಾತಿನ ಬೆಲೆ ಎಲ್ಲರಿಗೂ ತಿಳಿಯಿತು.

ಒಂದು ಲೆಕ್ಕ ಮಾಡೋಣ, ವಿದ್ಯಾರ್ಥಿಗಳು ಪೆನ್ಸಿಲ್ ತೆಗೆದುಕೊಳ್ಳಲಿ. ಒಂದು ಟನ್ ಸೋಯಾ ಕಾಳು ಬೆಳೆಯಲು ಗಿಡಕ್ಕೆ ಸುಮಾರು 80 ಕಿಲೋ ಸಾರಜನಕ ಬೇಕು. ಯೂರಿಯಾದಲ್ಲಿ ಸಾರಜನಕ ಶೇಕಡ 46. ಅಂದರೆ 174 ಕಿಲೋ ಯೂರಿಯಾ, ನಮ್ಮ 45 ಕಿಲೋ ಚೀಲದ ಲೆಕ್ಕದಲ್ಲಿ ಹೆಚ್ಚು ಕಡಿಮೆ ನಾಲ್ಕು ಚೀಲ. ಹಾಕಿದ್ದರಲ್ಲಿ ಸಾಕಷ್ಟು ಭಾಗ ಮಳೆಗೆ ಕೊಚ್ಚಿ, ಗಾಳಿಗೆ ಹಾರಿ ಹೋಗುವುದರಿಂದ ನಿಜಕ್ಕೂ ಬೇಕಾಗುವುದು ಅದಕ್ಕಿಂತ ಹೆಚ್ಚು. ಬ್ರೆಜಿಲ್ 2023ರ ಸುಗ್ಗಿಯಲ್ಲಿ 15 ಕೋಟಿ ಟನ್ನಿಗೂ ಹೆಚ್ಚು ಸೋಯಾ ಬೆಳೆಯಿತು. ಅದಕ್ಕೆ ಹಾಕುವ ಸಾರಜನಕ ಗೊಬ್ಬರ ಇಲ್ಲವೆನ್ನುವಷ್ಟು ಕಡಿಮೆ. ಉಳಿತಾಯ ವರ್ಷಕ್ಕೆ ನೂರಾರು ಕೋಟಿ ಡಾಲರ್. ಗುಣಾಕಾರವನ್ನು ಮಕ್ಕಳಿಗೇ ಬಿಡುತ್ತೇನೆ.

ಈ ಉಳಿತಾಯಕ್ಕೆ ಇನ್ನೊಂದು ಮಗ್ಗುಲೂ ಇದೆ. ಅಗ್ಗವಾಗಿ ಬೆಳೆಯಬಹುದಾದ ಸೋಯಾ ಬ್ರೆಜಿಲಿನ ನಡುನಾಡಿನ ಸೆರಾಡೊ ಎಂಬ ವಿಶಾಲ ಕುರುಚಲು ಕಾಡನ್ನೂ ಹುಲ್ಲುಗಾವಲನ್ನೂ ನುಂಗಿತು, ಅಮೆಜಾನಿನ ಅಂಚಿಗೂ ಹಬ್ಬಿತು. ಗೊಬ್ಬರ ಉಳಿಸಿದ ಜಾಣತನ ಕಾಡು ಉಳಿಸಲಿಲ್ಲ. ಇದರ ಹೊಣೆಯನ್ನು ಒಬ್ಬ ವಿಜ್ಞಾನಿಯ ತಲೆಗೆ ಕಟ್ಟುವುದು ನ್ಯಾಯವೆಂದು ನನಗೆ ತೋರುವುದಿಲ್ಲ, ಆದರೆ ಲೆಕ್ಕ ಬರೆಯುವಾಗ ಈ ಸಾಲನ್ನು ಬಿಡುವುದೂ ಸರಿಯಲ್ಲ. ಅವರದೇ ಕೇಂದ್ರದ ಕಿರಿಯ ವಿಜ್ಞಾನಿಗಳು ಮುಂದೆ ಗಣಿಗಾರಿಕೆಯಿಂದ ಬೋಳಾದ ಅಮೆಜಾನಿನ ನೆಲದಲ್ಲಿ, ಬ್ಯಾಕ್ಟೀರಿಯಾ ಕೂಡಿಸಿದ ದ್ವಿದಳ ಜಾತಿಯ ಮರಗಳನ್ನು ನೆಟ್ಟು ಹಸಿರು ಮರಳಿಸುವ ಕೆಲಸವನ್ನೂ ಮಾಡಿದರು.

ದ್ವಿದಳ ಬೆಳೆಗಳ ಗುಟ್ಟು ಗೊತ್ತಾದ ಮೇಲೆ ಯಾರಿಗಾದರೂ ಏಳುವ ಆಸೆ, ಜೋಳ, ಗೋಧಿ, ಕಬ್ಬಿಗೂ ಇಂಥ ಜೊತೆಗಾರ ಸಿಗಬಾರದೇ ಎಂಬುದು. ಡೋಬರೈನರ್ ತಮ್ಮ ಉಳಿದ ಆಯುಷ್ಯವನ್ನು ಇದಕ್ಕೆ ಕೊಟ್ಟರು. ಹುಲ್ಲಿನ ಬೇರಿನಲ್ಲಿ ಗಂಟು ಇರುವುದಿಲ್ಲ, ಗುಲಾಬಿ ಬಣ್ಣದ ಕಾವಲೂ ಇಲ್ಲ. ಹಾಗಾದರೆ ಅಲ್ಲಿನ ಬ್ಯಾಕ್ಟೀರಿಯಾ ಆಮ್ಲಜನಕದಿಂದ ಹೇಗೆ ತಪ್ಪಿಸಿಕೊಳ್ಳುತ್ತದೆ? ಪ್ರಯೋಗಾಲಯಗಳಲ್ಲಿ ಅದನ್ನು ಹುಡುಕುವವರು ಗಟ್ಟಿಯಾದ ಅಗರ್ ತಟ್ಟೆಯ ಮೇಲೆ, ಅಂದರೆ ನೇರ ಗಾಳಿಗೆ ಒಡ್ಡಿ ಬೆಳೆಸುತ್ತಿದ್ದರು. ಅದು ಸಾರಜನಕ ಕಟ್ಟುತ್ತಲೇ ಇರಲಿಲ್ಲ. ಡೋಬರೈನರ್ ಮತ್ತು ಇಂಗ್ಲೆಂಡಿನ ಸಹೋದ್ಯೋಗಿ ಜಾನ್ ಡೇ ಬಹಳ ಸರಳವಾದ ಉಪಾಯ ಹೂಡಿದರು. ಚಿಕ್ಕ ಶೀಶೆಯಲ್ಲಿ ತೆಳು ಗಂಜಿಯಂಥ ಅರೆಗಟ್ಟಿ ದ್ರವ, ಅದರಲ್ಲಿ ಬ್ಯಾಕ್ಟೀರಿಯಾದ ಆಹಾರವಿದೆ, ಸಾರಜನಕದ ಲವಣ ಮಾತ್ರ ಇಲ್ಲ. ತೊಳೆದ ಬೇರಿನ ತುಂಡೊಂದನ್ನು ಹಾಕಿ ಬಿಟ್ಟರೆ ಬ್ಯಾಕ್ಟೀರಿಯಾ ಈಜಿಕೊಂಡು ಹೋಗಿ ತನಗೆ ಬೇಕಾದಷ್ಟೇ ಆಮ್ಲಜನಕವಿರುವ ಆಳವನ್ನು ತಾನೇ ಹುಡುಕಿಕೊಳ್ಳುತ್ತದೆ. ಮೇಲ್ಮೈಯಿಂದ ಕೆಲವು ಮಿಲಿಮೀಟರ್ ಕೆಳಗೆ ಹಾಲಿನ ಕೆನೆಯಂಥ ಬಿಳಿಯ ಪರದೆ ಕಟ್ಟುತ್ತದೆ. ದ್ರವದ ಹಸಿರು ಬಣ್ಣ ನೀಲಿಗೆ ತಿರುಗುತ್ತದೆ. ಕೋಟಿಗಟ್ಟಲೆ ಬೆಲೆಯ ಯಂತ್ರ ಬೇಡದ ಈ ವಿಧಾನವನ್ನು ನಮ್ಮ ದೇಶವೂ ಸೇರಿ ಎಲ್ಲೆಡೆ ಬಳಸುತ್ತಾರೆ. ನನಗೆ ಅವರ ಕೆಲಸದಲ್ಲಿ ಅತಿ ಹೆಚ್ಚು ಇಷ್ಟವಾದ ಭಾಗ ಇದು. ಜೀವಿಗೆ ಎಲ್ಲಿ ಹಿತವೋ ಅಲ್ಲಿಗೆ ಹೋಗಲು ಬಿಟ್ಟು, ತಾವು ನೋಡುತ್ತ ಕೂತರು.

ಹೀಗೆ ಸಿಕ್ಕ ಸುರುಳಿಯಾಕಾರದ ಬ್ಯಾಕ್ಟೀರಿಯಾ ಹೊಸದೇನೂ ಆಗಿರಲಿಲ್ಲ. ಅದೇ ಬೈಯರಿಂಕ್ 1920ರ ದಶಕದಲ್ಲಿ ಅದನ್ನು ಕಂಡು ಹೆಸರಿಟ್ಟಿದ್ದರು, ಆಮೇಲೆ ಜನ ಮರೆತಿದ್ದರು. 1978ರಲ್ಲಿ ಡೋಬರೈನರ್ ಮತ್ತು ಜೊತೆಗಾರರು ಅದಕ್ಕೆ ಅಜೋಸ್ಪಿರಿಲಂ ಎಂಬ ಹೊಸ ಕುಲನಾಮ ಕೊಟ್ಟರು.

ಆದರೆ ಇಲ್ಲಿ ಉತ್ಸಾಹ ಸ್ವಲ್ಪ ಮುಂದೆ ಓಡಿತು. 1975ರಲ್ಲಿ ಮೆಕ್ಕೆಜೋಳದ ಬೇರುಗಳ ಮೇಲೆ ಅವರ ತಂಡ ಪ್ರಕಟಿಸಿದ ಅಂಕಿಗಳು ಜಗತ್ತನ್ನೇ ಬೆರಗುಗೊಳಿಸಿದವು. ಇನ್ನು ಮೆಕ್ಕೆಜೋಳಕ್ಕೂ ಯೂರಿಯಾ ಬೇಡವೇನೋ ಎಂದು ಜನ ಮಾತಾಡಿಕೊಂಡರು. ಕಿತ್ತ ಬೇರನ್ನು ಇಡೀ ರಾತ್ರಿ ಇಟ್ಟು ಅಳೆದದ್ದರಿಂದ, ಆ ಹೊತ್ತಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚಿಕೊಂಡು ಅಳತೆ ಉಬ್ಬಿ ಬಂದಿದೆ ಎಂದು ಬೇರೆಯವರು ತೋರಿಸಿದರು. ಅಜೋಸ್ಪಿರಿಲಂನಿಂದ ಬೆಳೆಗೆ ಲಾಭವಾಗುವುದು ನಿಜ, ಆದರೆ ಅದರಲ್ಲಿ ದೊಡ್ಡ ಪಾಲು ಅದು ಸ್ರವಿಸುವ ಹಾರ್ಮೋನಿನಿಂದ ಬೇರು ಹೆಚ್ಚು ಕವಲೊಡೆದು ನೀರು, ಗೊಬ್ಬರ ಚೆನ್ನಾಗಿ ಹೀರುವುದರಿಂದ ಬರುತ್ತದೆ. ನಮ್ಮ ರೈತ ಬಂಧುಗಳು ಇದನ್ನು ಮನಸ್ಸಿನಲ್ಲಿಡಬೇಕು. ಹೆಸರು, ಸೋಯಾ, ಶೇಂಗಾದ ರೈಜೋಬಿಯಂ ಪೊಟ್ಟಣ ಮಾಡುವ ಕೆಲಸವನ್ನು ಜೋಳದ ಅಜೋಸ್ಪಿರಿಲಂ ಪೊಟ್ಟಣ ಮಾಡಲಾರದು. ಗೊಬ್ಬರದಲ್ಲಿ ಒಂದಿಷ್ಟು ಉಳಿಸಬಹುದು, ಪೂರ್ತಿ ಬಿಡಲಾಗದು.

ಟೀಕೆಗೆ ಡೋಬರೈನರ್ ಕುಗ್ಗಲಿಲ್ಲ, ಕಬ್ಬಿನ ಕಡೆಗೆ ಹೊರಳಿದರು. ಬ್ರೆಜಿಲ್ 1975ರಿಂದ ಕಬ್ಬಿನ ಮದ್ಯಸಾರದಲ್ಲಿ ಕಾರು ಓಡಿಸುವ ಕಾರ್ಯಕ್ರಮ ಆರಂಭಿಸಿತ್ತು. ಅಲ್ಲಿನ ಕಬ್ಬಿನ ಗದ್ದೆಗಳು ಹತ್ತಾರು ವರ್ಷ ಕಡಿಮೆ ಸಾರಜನಕದಲ್ಲಿಯೇ ಬೆಳೆ ಕೊಡುತ್ತ ಬಂದಿದ್ದವು. 1988ರಲ್ಲಿ ಅವರೂ ಕವಲ್ಕಾಂಟೆ ಎಂಬ ಸಹೋದ್ಯೋಗಿಯೂ ಕಬ್ಬಿನ ಬೇರು, ಕಾಂಡದ ಒಳಗೇ ವಾಸಿಸುವ ಹೊಸ ಬ್ಯಾಕ್ಟೀರಿಯಾವನ್ನು ವರ್ಣಿಸಿದರು. ಶೇಕಡ 10ರಷ್ಟು ಸಕ್ಕರೆಯಿರುವ ದ್ರಾವಣದಲ್ಲಿ ಹಾಯಾಗಿ ಬೆಳೆದು ಸಾರಜನಕ ಕಟ್ಟುವ ಜೀವಿ ಅದು. ಕಬ್ಬಿನ ಹೊಟ್ಟೆಯೊಳಗೆ ಇರಬೇಕಾದ್ದು ಅಂಥದೇ ತಾನೆ.

ಮಾನ ಸಮ್ಮಾನಗಳು ಬಂದವು. 1989ರಲ್ಲಿ ಯುನೆಸ್ಕೊ ವಿಜ್ಞಾನ ಪ್ರಶಸ್ತಿ ಸಂದಿತು. ಊರು ಮಾತ್ರ ಬದಲಾಗಲಿಲ್ಲ. 2000ದ ಅಕ್ಟೋಬರ್ 5ರಂದು ಅವರು ತೀರಿಕೊಂಡರು.

ಪೊಟ್ಟಣದ ಮಾತು ಬಂದದ್ದರಿಂದ ಒಂದನ್ನು ಹೇಳಿಬಿಡುತ್ತೇನೆ. ಅದರೊಳಗಿರುವುದು ಪುಡಿಯಲ್ಲ, ಪುಡಿಯಲ್ಲಿ ಕೂತ ಜೀವ. ಅಂಗಡಿಯ ತಗಡಿನ ಕೆಳಗೆ ಬೇಸಿಗೆಯೆಲ್ಲ ಬೆಂದ ಪೊಟ್ಟಣದಲ್ಲಿ ಬದುಕಿರುವ ಬ್ಯಾಕ್ಟೀರಿಯಾ ಹೆಚ್ಚು ಇರುವುದಿಲ್ಲ. ಕೊನೆಯ ದಿನಾಂಕ ನೋಡಿ ಕೊಳ್ಳಬೇಕು, ಬೆಲ್ಲದ ನೀರಿನಲ್ಲಿ ಕಲಸಿ ಬೀಜಕ್ಕೆ ಹಚ್ಚಿ ನೆರಳಿನಲ್ಲಿ ಒಣಗಿಸಿ ಬೇಗ ಬಿತ್ತಬೇಕು, ಕ್ರಿಮಿನಾಶಕ ಹಚ್ಚಿದ ಬೀಜಕ್ಕೆ ಜೊತೆಯಲ್ಲೇ ಹಚ್ಚಬಾರದು. 'ಹಚ್ಚಿ ನೋಡಿದೆವು ಸರ್, ಏನೂ ಆಗಲಿಲ್ಲ' ಎನ್ನುವವರಿಗೆ ನಾನು ಕೇಳುವುದು ಇಷ್ಟೇ, ಬಿತ್ತಿ ನಲವತ್ತು ದಿನವಾದಾಗ ಒಂದು ಗಿಡವನ್ನು ಮಣ್ಣುಸಮೇತ ಅಗೆದು ಗಂಟು ಸೀಳಿ ನೋಡಿದಿರಾ?

ಬ್ರೆಜಿಲಿನ ರೈತರಲ್ಲಿ ಬಹಳ ಮಂದಿ ಸೋಯಾ ಬೀಜಕ್ಕೆ ಪ್ರತಿ ಬಿತ್ತನೆಗೂ ಹೊಸದಾಗಿ ಬ್ಯಾಕ್ಟೀರಿಯಾ ಹಚ್ಚುತ್ತಾರೆ. ಸೆರೊಪೆಡಿಕಾದಲ್ಲಿ, ಡೋಬರೈನರ್ ಹೆಸರಿನಲ್ಲೇ ಇರುವ ಸಂಗ್ರಹಾಲಯದಲ್ಲಿ, ಬೇರೆ ಬೇರೆ ಬೆಳೆ, ಮರ, ಹುಲ್ಲುಗಳ ಬೇರಿನಿಂದ ಬೇರ್ಪಡಿಸಿದ ಸಾವಿರಾರು ಬ್ಯಾಕ್ಟೀರಿಯಾ ತಳಿಗಳನ್ನು ಇಂದಿಗೂ ಜೀವಂತವಾಗಿ ಕಾಪಾಡಲಾಗುತ್ತಿದೆ.